ಗುಂಡಿಗೆ ತುಂಬುವ ಮೇಣದ ಹದ

ಸೇಜ್‌ಕ್ರೀಕ್, ಮೊಂಟಾನಾ
ಭಾನುವಾರ, ಜುಲೈ ೧೭, ೧೯೮೩

ಪ್ರೀತಿಯ ಆರ್ಲನ್,

ಹೇಗಿದ್ದೀಯ? ಕಟಾವು ಯಂತ್ರದ ಕೆಳಗೆ ಮಲಗಿ ರಿಪೇರಿ ಮಾಡಿ ಮಾಡಿ ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ಪರವಾಗಿಲ್ಲವೇ? ನಾನು ಕಳಿಸಿದ ಮುಲಾಮು ಹಚ್ಚಿಕೊಂಡೆಯೋ, ಇಲ್ಲಾ ಅದು ಇನ್ನೂ ಟ್ರಕ್ಕಿನ ಮೂಲೆಯಲ್ಲಿ ಬಿದ್ದಿದೆಯೋ? ಕನ್ಸಾಸಿನಿಂದ ನೀನು ಕಳಿಸಿದ ಕಾರ್ಡಿನಲ್ಲಿ ‘ಗೋಧಿ ಚೆನ್ನಾಗಿದೆ, ಸೆಕೆ ಜಾಸ್ತಿ’ ಎಂದಷ್ಟೇ ಇತ್ತು. ಮದುವೆಯಾದ ಹೆಂಡತಿಗೆ ಬರೆಯುವ ಕಾಗದವೋ ಅದು, ಹವಾಮಾನ ವರದಿಯೋ? ಇರಲಿ. ನಿಮ್ಮ ಕಟಾವಿನ ತಂಡ ಈ ವಾರ ನೆಬ್ರಾಸ್ಕಾದ ಕಿಂಬಲ್ ತಲುಪುತ್ತದೆ ಎಂದು ಲೆಕ್ಕ ಹಾಕಿ ಅಲ್ಲಿನ ಅಂಚೆ ಕಚೇರಿಗೇ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ರಸ್ತೆ ಬದಿಯ ಬೂತಿನಲ್ಲಿ ನಿಂತು, ಹಿಂದೆ ತಂಡದವರೆಲ್ಲ ಸಾಲುಗಟ್ಟಿಕೊಂಡಿರುವಾಗ, ನಾನು ಏನು ಹೇಳಿದರೂ ‘ಹೂಂ, ಹೂಂ’ ಎನ್ನುತ್ತೀಯ. ಇದು ಹೂಂಗುಟ್ಟಿ ಮುಗಿಸುವ ವಿಷಯವಲ್ಲ.

ನೀನು ಮೊದಲು ಕೇಳುವುದು ಅಮ್ಮನ ವಿಚಾರವನ್ನೇ ಎಂದು ಗೊತ್ತು. ನಿಮ್ಮಮ್ಮ ಚೆನ್ನಾಗಿದ್ದಾರೆ. ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಚೆನ್ನಾಗಿದ್ದಾರೆ. ಇವತ್ತು ಚರ್ಚಿನಿಂದ ಬಂದ ಮೇಲೆ ಹೊಸ ಆಲೂಗಡ್ಡೆ, ಹಸಿ ಬಟಾಣಿ ಬೇಯಿಸಿ ಕೆನೆ ಹಾಕಿ ಕೊಟ್ಟೆ. ಎರಡನೇ ಸಲ ಬಡಿಸಿಕೊಂಡರು. ಆಮೇಲೆ, ‘ಉಪ್ಪು ಕಮ್ಮಿ’ ಎಂದರು. ಆರ್ಲನ್, ಅವರು ನನ್ನ ಅಡುಗೆಯಲ್ಲಿ ತಪ್ಪು ಹುಡುಕಿ ಐದು ತಿಂಗಳಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ಅಪ್ಪಿಕೊಂಡುಬಿಡೋಣ ಅನ್ನಿಸಿತು. ನೀನಿಲ್ಲದಾಗ ಇಲ್ಲಿ ಏನೇನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ, ನಿಧಾನವಾಗಿ ಓದು.

ನೀನು ಮೇ ತಿಂಗಳಲ್ಲಿ ಹೊರಟಾಗ ಅವರು ಹೇಗಿದ್ದರು ಎಂದು ನಿನಗೆ ಗೊತ್ತೇ ಇದೆ. ಮಾವನವರನ್ನು ಮಣ್ಣು ಮಾಡಿ, ಇಲ್ಲಿಗೆ ಬಂದ ದಿನದಿಂದ ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಲೋಕ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಕಾಫಿ, ಕೇಳಿದ್ದಕ್ಕೆ ಒಂದು ಮಾತು. ನೀನು ಹೋದ ಮೇಲೆ ಅದೂ ಕಡಿಮೆಯಾಯಿತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಜೂನ್ ಮೊದಲ ವಾರ ಅವರು ತಮ್ಮ ಕಂದು ಸೂಟ್‌ಕೇಸಿಗೆ ಬಟ್ಟೆ ತುಂಬಿ ಬಾಗಿಲ ಪಕ್ಕ ಇಟ್ಟುಬಿಟ್ಟರು. ಮಿನ್ನೆಸೋಟಾದ ತಂಗಿಯ ಮನೆಗೆ ಹೋಗುತ್ತಾರಂತೆ. ಯಾವಾಗ ಎಂದು ಕೇಳಿದರೆ, ‘ನೋಡೋಣ, ನಿನಗೂ ಭಾರ ಇಳಿಯುತ್ತೆ’ ಎಂದರು. ಭಾರ ಎಂದು ಯಾರು ಹೇಳಿದರು? ನಾನು ಹೇಳಿರಲಿಲ್ಲ. ಆದರೆ ಹಾಗಲ್ಲ ಎಂದು ಬಾಯಿ ಬಿಟ್ಟು ಹೇಳುವಷ್ಟು ಸಲುಗೆಯೂ ನಮ್ಮಿಬ್ಬರ ನಡುವೆ ಇರಲಿಲ್ಲ ನೋಡು. ಹದಿನಾಲ್ಕು ವರ್ಷದಿಂದ ಅತ್ತೆ ಸೊಸೆಯಾಗಿದ್ದೇವೆ, ಒಂದೇ ಒಂದು ಜಗಳವಾಡಿರಲಿಲ್ಲ. ಜಗಳವಾಡದವರು ಹತ್ತಿರ ಬರುವುದಾದರೂ ಹೇಗೆ? ದಿನವೂ ಆ ಪೆಟ್ಟಿಗೆಯನ್ನು ಸುತ್ತಿಕೊಂಡು ಓಡಾಡುತ್ತಿದ್ದೆ. ನಿನಗೆ ಬರೆದರೆ ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ಬರೆಯಲಿಲ್ಲ.

ಮಾವನವರು ಕೋವಿಯ ಗುಂಡು ತಯಾರಿಸುತ್ತಿದ್ದ ಬೆಂಚನ್ನು ನೀನೂ ಅವರ ಹಳೆಯ ಗೆಳೆಯ ಹಾಲ್ವರ್ ಮಾವನೂ ಸೇರಿ ನಮ್ಮ ಶೆಡ್ಡಿಗೆ ತಂದಿಟ್ಟಿರಲ್ಲ, ಅಂದಿನಿಂದ ಅತ್ತೆ ಆ ಶೆಡ್ಡಿನ ಮುಂದೆ ಹಾದಿರಲಿಲ್ಲ. ಕೋಳಿಗೂಡಿಗೆ ಹೋಗಬೇಕಾದರೆ ಮನೆಯ ಹಿಂದಿನಿಂದ ಸುತ್ತು ಹಾಕಿಕೊಂಡು, ಎತ್ತರದ ಹುಲ್ಲಿನಲ್ಲಿ ಸ್ಕರ್ಟು ಎತ್ತಿ ಹಿಡಿದುಕೊಂಡು ಹೋಗುತ್ತಿದ್ದರು. ನಾನು ನೋಡಿಯೂ ನೋಡದವಳ ಹಾಗಿರುತ್ತಿದ್ದೆ.

ಹೀಗಿರುವಾಗ ಒಂದು ದಿನ ಹಾಲ್ವರ್ ಮಾವ ಬಂದರು. ರಿಪೇರಿ ಅಂಗಡಿಯಿಂದ ನೇರ ಬಂದಿರಬೇಕು, ಮೈಯೆಲ್ಲ ವೆಲ್ಡಿಂಗ್ ವಾಸನೆ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ಮೆಟ್ಟಿಲ ಮೇಲೇ ನಿಂತರು. ಆ ಮನುಷ್ಯ ಹಾಗೆ ಸಂಕೋಚಪಟ್ಟದ್ದನ್ನು ನಾನು ಕಂಡದ್ದೇ ಇಲ್ಲ.

‘ಲವೋನ್, ಒಂದ್ ಮಾತು ಕೇಳ್ಲಾ? ಜುಲೈನಲ್ಲಿ ಕ್ಲಬ್ಬಿನ ಪಂದ್ಯ ಇದೆ. ನನ್ ಕಣ್ಣು ಹೋಗ್ತಾ ಇದೆ ಕಣಮ್ಮ. ಡಾಕ್ಟ್ರು ಇನ್ನು ಆಟ ಸಾಕು ಅಂದಿದಾರೆ. ಇದೊಂದ್ ಸಲ ಆಡ್ಬಿಡೋಣ ಅಂತ. ಆದ್ರೆ ನನ್ ಕೋವಿಗೆ ಇಂಗ್ವಾಲ್ಡ್ ಮಾಡಿದ್ ಗುಂಡೇ ಆಗ್ಬೇಕು.’

ಅವರ ಕೋವಿಯ ನಳಿಗೆ ಹಳೆಯದು, ಅಗಲ ತುಸು ಹೆಚ್ಚು. ಅಂಗಡಿಯ ಗುಂಡು ಅದರೊಳಗೆ ಸಡಿಲ ಚಪ್ಪಲಿಯ ಹಾಗೆ ಲೊಟಗುಟ್ಟುತ್ತದೆ. ಇಷ್ಟು ವರ್ಷ ಮಾವನವರೇ ಸೀಸ ಎರಕ ಹೊಯ್ದು, ಮೇಣ ತುಂಬಿ ಕೊಡುತ್ತಿದ್ದರು. ಎರಕ ಹೊಯ್ದ ಗುಂಡುಗಳು ಡಬ್ಬಿಯಲ್ಲಿ ಹಾಗೇ ಉಳಿದಿದ್ದವು. ಅಳತೆಗೆ ಒತ್ತಿ ಮೇಣ ತುಂಬುವ ಕೆಲಸವಷ್ಟೇ ಬಾಕಿ. ಅಷ್ಟು ತಾನೇ ಎಂದುಕೊಂಡು ನಾನು ‘ಆಗಲಿ ಮಾವ, ಮಾಡಿಕೊಡುತ್ತೇನೆ’ ಎಂದುಬಿಟ್ಟೆ. ಕಿಟಕಿಯ ಹತ್ತಿರ ಕೂತಿದ್ದ ಅತ್ತೆ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಹೊರಗೆ ನೋಡಿದರು.

ಈಗ ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ನಗಬೇಡ. ನಾನು ಅರ್ಥ ಮಾಡಿಕೊಂಡದ್ದು ಸರಿಯೋ ತಪ್ಪೋ ನೀನೇ ನೋಡು. ಗುಂಡಿನ ಸೊಂಟದ ಸುತ್ತ ಗೀರುಗಳಿರುತ್ತವೆ. ಪ್ರೆಸ್ಸಿನ ಅಚ್ಚಿಗೆ ಗುಂಡನ್ನು ಇಟ್ಟು ಹಿಡಿ ಎಳೆದರೆ ಗುಂಡು ಒಳಗಿಳಿಯುತ್ತದೆ, ಅಳತೆಗೆ ಬರುತ್ತದೆ. ಅದೇ ಹೊತ್ತಿಗೆ ಪಕ್ಕದ ಕೊಳವೆಯಿಂದ ಮೇಣ ಒತ್ತಿಕೊಂಡು ಬಂದು ಗೀರುಗಳನ್ನು ತುಂಬುತ್ತದೆ. ಆ ಮೇಣವಿಲ್ಲದಿದ್ದರೆ ಹಾರುವ ಗುಂಡು ನಳಿಗೆಗೆ ಉಜ್ಜಿ ಒಳಗೆಲ್ಲ ಸೀಸ ಮೆತ್ತಿಕೊಳ್ಳುತ್ತದೆ, ಆಮೇಲಿನ ಗುಂಡು ಎತ್ತ ಬೇಕಾದರೂ ಹೋಗುತ್ತದೆ. ಮಾವನವರು ಬೇಸಗೆಯ ಬಿಸಿಲಿಗೆ ಕರಗದಿರಲಿ ಎಂದು ಈ ಸಲದ ಮೇಣವನ್ನು ಗಟ್ಟಿಯಾಗಿ ಕಾಯಿಸಿದ್ದರು. ಅದು ಹರಿಯಬೇಕಾದರೆ ಪ್ರೆಸ್ಸು ಬೆಚ್ಚಗಿರಬೇಕು. ಅದಕ್ಕೇ ಅವರು ಪ್ರೆಸ್ಸನ್ನು ದಪ್ಪ ಕಬ್ಬಿಣದ ತಗಡಿನ ಮೇಲೆ ಕೂರಿಸಿ, ಅಡಿಗೆ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಬಿಗಿದಿದ್ದದ್ದು. ಎಷ್ಟು ಬಿಸಿ, ಯಾವಾಗ ಪ್ಲಗ್ ಕೀಳಬೇಕು ಎಂಬುದೆಲ್ಲ ಅವರ ಕೈಗೆ ಗೊತ್ತಿತ್ತು. ಆ ಕೈ ಈಗ ಬೆಟ್ಟದ ಮೇಲಿನ ಸಮಾಧಿಯಲ್ಲಿದೆ.

ಇಸ್ತ್ರಿಪೆಟ್ಟಿಗೆಗೆ ನಾನು ಹೆದರಿ, ಮೊದಲ ದಿನ ನನ್ನ ಕೂದಲು ಒಣಗಿಸುವ ಯಂತ್ರ ತಂದು ಪ್ರೆಸ್ಸಿಗೆ ಬಿಸಿ ಗಾಳಿ ಊದಿದೆ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಪ್ರೆಸ್ಸಿನ ಹಿಡಿ. ಮೇಣ ಅಷ್ಟಿಷ್ಟು ಬಂತು. ಗೀರು ಒಂದು ಕಡೆ ತುಂಬಿದರೆ ಇನ್ನೊಂದು ಕಡೆ ಬೋಳು. ಇಷ್ಟು ಸಾಕೇನೋ ಎಂದುಕೊಂಡು ಡಬ್ಬಿ ತುಂಬಿ ಕೊಟ್ಟೆ. ಆ ಭಾನುವಾರ ಚರ್ಚಿನಲ್ಲಿ ನನ್ನ ತಲೆ ಜೇನುಗೂಡಿನ ಹಾಗೆ ಘಮ್ಮೆನ್ನುತ್ತಿತ್ತು, ಪಾದ್ರಿಯ ಹೆಂಡತಿ ಎರಡು ಸಲ ತಿರುಗಿ ನೋಡಿದಳು.

ಮುಂದಿನ ಶನಿವಾರ ಗುರಿ ಮೈದಾನಕ್ಕೆ ಹೋದೆ, ಹಾಲ್ವರ್ ಮಾವ ಅಭ್ಯಾಸ ಮಾಡುವುದನ್ನು ನೋಡಲು. ಮೊದಲ ಕೆಲವು ಗುಂಡು ಗುರಿಯ ತಗಡಿಗೆ ಬಡಿದು ಟಣ್ ಎಂದವು. ಆಮೇಲೆ ಒಂದೊಂದೂ ಒಂದೊಂದು ದಿಕ್ಕಿಗೆ. ಒಂದು ಗುಡ್ಡದ ಮಣ್ಣು ಹಾರಿಸಿತು, ಇನ್ನೊಂದು ಎಲ್ಲಿ ಹೋಯಿತೋ ದೇವರೇ ಬಲ್ಲ. ಏನಾಯಿತು ಮಾವ ಎಂದೆ. ‘ಗಾಳಿ ಕಣಮ್ಮ’ ಎಂದರು. ಗಾಳಿ ಎಲ್ಲಿತ್ತು? ಕಂಬದ ಮೇಲಿನ ಬಾವುಟ ಒಣಹಾಕಿದ ಟವೆಲ್ಲಿನ ಹಾಗೆ ನೇತಾಡುತ್ತಿತ್ತು. ಟ್ರಕ್ಕಿನ ಹಿಂದೆ ಹೋಗಿ ನನಗೆ ಕಾಣದ ಹಾಗೆ ಅವರು ನಳಿಗೆ ಉಜ್ಜುತ್ತಿದ್ದರು. ಬಟ್ಟೆಯ ಚೂರಿನಲ್ಲಿ ಹೊಳೆಯುವ ಸೀಸದ ಸಿಪ್ಪೆ ಕಂಡೆ. ನನ್ನ ಮನಸ್ಸು ನೋಯದಿರಲಿ ಎಂದು ಆ ಹಿರಿಯ ಜೀವ ಗಾಳಿಯ ಮೇಲೆ ತಪ್ಪು ಹೊರಿಸಿತ್ತು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಮಾರನೇ ದಿನ ಇಸ್ತ್ರಿಪೆಟ್ಟಿಗೆಗೇ ಪ್ಲಗ್ ಹಾಕಿದೆ. ಕಡಿಮೆ ಬಿಸಿಗೇ ಇಟ್ಟಿದ್ದೆ, ಆದರೆ ಬಟ್ಟೆಗೆ ಕಡಿಮೆಯಾದದ್ದು ಮೇಣಕ್ಕೆ ಕುಲುಮೆ. ಮೊದಲು ಸ್ವಲ್ಪ ಹೊತ್ತು ಎಷ್ಟು ಚೆನ್ನಾಗಿ ನಡೆಯಿತು ಅಂತೀಯ! ಗೀರುಗಳೆಲ್ಲ ನುಣ್ಣಗೆ ತುಂಬಿ ಬಂದವು. ನಾನು ಹಾಡು ಗುನುಗುತ್ತಾ ಹಿಡಿ ಎಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ಮೇಣ ಚಹಾದ ಹಾಗೆ ತೆಳ್ಳಗಾಯಿತು. ಅಚ್ಚಿನ ಕೆಳಗಿನಿಂದ ಸೋರಿತು, ಗುಂಡಿನ ತಳಕ್ಕೆಲ್ಲ ಬಳಿದುಕೊಂಡಿತು, ಬೆಂಚಿನ ಮೇಲೆ ಹರಿದು ನನ್ನ ಷೂಗಳ ಮೇಲೆ ತೊಟ್ಟಿಕ್ಕಿತು. ತಗಡಿನ ಮೇಲೆ ಬಿದ್ದದ್ದು ಹೊಗೆಯಾಡಿತು. ಒರೆಸಲು ಬಟ್ಟೆ ಹುಡುಕುತ್ತಿರುವಾಗ ಬೆನ್ನ ಹಿಂದೆ ಒಂದು ಕೂಗು ಕೇಳಿತು.

‘ಯಾರೇ ಅದು, ನನ್ ಮೇಣ ಸುಡ್ತಿರೋದು!’

ತಿರುಗಿ ನೋಡಿದರೆ ಅತ್ತೆ! ಶೆಡ್ಡಿನ ಬಾಗಿಲಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಮೂಗಿನ ಹೊಳ್ಳೆ ಅರಳಿತ್ತು. ಅವರ ಜೇನುಹುಳುಗಳ ಮೇಣ ಅದು, ನನಗೆ ಮರೆತೇ ಹೋಗಿತ್ತು. ವಾಸನೆ ಅಡುಗೆಮನೆಯ ಕಿಟಕಿಯವರೆಗೂ ಹೋಗಿ ಅವರನ್ನು ಎಬ್ಬಿಸಿಕೊಂಡು ಬಂದಿತ್ತು. ಅವರು ಒಳಗೆ ಬಂದು, ಪ್ಲಗ್ ಕಿತ್ತು, ಮಣಿಕಟ್ಟನ್ನು ಪ್ರೆಸ್ಸಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ನಿಂತರು. ಆಮೇಲೆ ಕಣ್ಣು ತೆರೆದು ಸುತ್ತಲೂ ನೋಡಿದರು. ಮೊಳೆಗೆ ನೇತುಹಾಕಿದ ಮಾವನವರ ಏಪ್ರನ್, ಅವರ ಎತ್ತರದ ಸ್ಟೂಲು, ಎಲ್ಲವನ್ನೂ. ಇವರು ಈಗ ತಿರುಗಿ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಸ್ಟೂಲು ಎಳೆದು ಕೂತರು.

‘ಬಿಸಿ ಕೊಡೋಕೆ ಯಾವ ಪೆದ್ದನಿಗಾದ್ರೂ ಬರುತ್ತೆ. ನಿಲ್ಸೋದು ಗೊತ್ತಿರ್ಬೇಕು. ನೀನು ಹಿಡಿ ಎಳಿ, ನಾನು ಪ್ಲಗ್ ನೋಡ್ಕೋತೀನಿ.’

ಆ ಮಧ್ಯಾಹ್ನವೆಲ್ಲ ನಾವಿಬ್ಬರೂ ಹಾಗೇ ಮಾಡಿದೆವು. ಅವರು ಪ್ಲಗ್ ಹಾಕುವುದು, ಕೀಳುವುದು. ನಾನು ಹಿಡಿ ಎಳೆಯುವುದು. ನಡುವೆ ಮಾತು ಶುರುವಾಯಿತು. ಮದುವೆಯಾದ ಮೊದಲ ಚಳಿಗಾಲ ನಿಮ್ಮಪ್ಪ ಅಡುಗೆಮನೆಯ ಒಲೆಯ ಮೇಲೆ, ಅತ್ತೆಯ ಹೊಸ ಸಾರಿನ ಪಾತ್ರೆಯಲ್ಲಿ ಸೀಸ ಕರಗಿಸಿದ್ದರಂತೆ. ಇವರು ಕೋಳಿಗೂಡಿನಿಂದ ಬಂದು ನೋಡಿ, ಒಂದು ಮಾತೂ ಆಡದೆ ಪಾತ್ರೆಯನ್ನು ಹಾಗೇ ಎತ್ತಿ ಹಿಮದೊಳಕ್ಕೆ ಎಸೆದರಂತೆ. ‘ಸುಯ್ಯ್ ಅಂತ ಮುಳುಗಿ ಹೋಯ್ತು ಕಣೇ, ವಸಂತ ಬರೋವರ್ಗೂ ಸಿಗ್ಲಿಲ್ಲ. ಮಾರನೇ ದಿನಾನೇ ಮರ ತಂದು ಶೆಡ್ ಕಟ್ಟೋಕೆ ಶುರು ಮಾಡ್ದ.’ ಹೇಳುತ್ತಾ ಹೇಳುತ್ತಾ ಅವರು ನಗತೊಡಗಿದರು, ನಾನೂ ನಕ್ಕೆ, ನಗುವಿನಲ್ಲಿ ಪ್ಲಗ್ ಕೀಳುವುದು ಮರೆತು ಮತ್ತೆ ಮೇಣ ಚಹಾ ಆಯಿತು.

‘ನಿಮ್ಮ ಕೆಲಸ ನೀವು ಮಾಡಬೇಕಪ್ಪ!’ ಎಂದು ನಾನು ರೇಗಿದೆ. ‘ನಕ್ಕಿದ್ದು ಯಾರು? ನೀನೇ ತಾನೇ?’ ಎಂದು ಅವರೂ ರೇಗಿದರು. ಆರ್ಲನ್, ಹದಿನಾಲ್ಕು ವರ್ಷಗಳಲ್ಲಿ ನಮ್ಮ ಮೊದಲ ಜಗಳ ಅದು. ನಿನ್ನಾಣೆ, ಎಷ್ಟು ಹಗುರವಾಯಿತು ಅಂತೀಯ.

ಆದರೆ ಹೀಗೆ ಕೈಯಲ್ಲಿ ಮಾಡುತ್ತಾ ಕೂತರೆ ಪಂದ್ಯಕ್ಕೆ ಮುಗಿಯುವ ಕೆಲಸವಲ್ಲ. ಹಾಲ್ವರ್ ಮಾವನಿಗಷ್ಟೇ ಅಲ್ಲ, ವಿಷಯ ತಿಳಿದು ಇನ್ನೂ ಒಂದಿಬ್ಬರು ಹಳಬರು ಕೇಳಿದ್ದರು. ಸಂಜೆ ಕಾಫಿ ಕುಡಿಯುತ್ತಾ ಅತ್ತೆ ಯೋಚಿಸುತ್ತಿದ್ದರು. ಎದ್ದು ಕೊಟ್ಟಿಗೆಗೆ ಹೋದರು. ಅವರ ಜೊತೆ ಬಂದ ಸಾಮಾನುಗಳಲ್ಲಿ ಆ ಮರಿಪೆಟ್ಟಿಗೆ ಇತ್ತಲ್ಲ, ಟರ್ಕಿ ಮೊಟ್ಟೆಗಳನ್ನು ಕಾವಿಗಿಟ್ಟು ಮರಿ ಮಾಡುತ್ತಿದ್ದದ್ದು? ಅದರ ಮೇಲಿನ ಗೋಣಿಚೀಲ ಸರಿಸಿ ಮುಚ್ಚಳ ತೆರೆದರು. ಒಳಗೆ ಹಿತ್ತಾಳೆಯ ಒಂದು ಬಿಲ್ಲೆ, ಪಕ್ಕದಲ್ಲಿ ಪುಟ್ಟ ಸ್ವಿಚ್ಚು. ಬಿಸಿಯಾದರೆ ಬಿಲ್ಲೆ ಉಬ್ಬಿ ಸ್ವಿಚ್ಚನ್ನು ಒತ್ತುತ್ತದೆ, ಕರೆಂಟು ನಿಲ್ಲುತ್ತದೆ. ತಣಿದರೆ ಕುಗ್ಗುತ್ತದೆ, ಮತ್ತೆ ಕರೆಂಟು ಬರುತ್ತದೆ. ‘ಇಪ್ಪತ್ತೆಂಟು ದಿನ ನಾನು ಕೋಣೆ ಹತ್ರ ಹೋಗ್ದಿದ್ರೂ ಮೊಟ್ಟೆ ಕಾಯುತ್ತೆ ಇದು. ನಿನ್ ಮೇಣ ಯಾವ ಲೆಕ್ಕ? ಸ್ಕ್ರೂ ತೆಗಿ, ಬಿಚ್ಕೋ. ನನಗಿನ್ನೇನಕ್ಕೆ ಇದು.’

ಸ್ಕ್ರೂ ಡ್ರೈವರ್ ನನ್ನ ಕೈಯಲ್ಲೇ ಇತ್ತು. ಆದರೆ ಆ ಕೊನೆಯ ಮಾತು ಕೇಳಿ ಕೈ ಮುಂದೆ ಹೋಗಲಿಲ್ಲ. ಬಾಗಿಲ ಪಕ್ಕದ ಸೂಟ್‌ಕೇಸು ಕಣ್ಣ ಮುಂದೆ ಬಂತು. ಇದನ್ನು ಬಿಚ್ಚಿಕೊಂಡರೆ ನಾನೇ ಅವರನ್ನು ಬಸ್ಸು ಹತ್ತಿಸಿದ ಹಾಗೆ ಅನ್ನಿಸಿತು. ‘ಬೇಡ ಅತ್ತೆ, ನಾನು ಬಿಚ್ಚಲ್ಲ. ಬೇರೆ ಏನಾದ್ರೂ ನೋಡೋಣ’ ಎಂದೆ.

‘ಯಾಕೆ ಬಿಚ್ಚಲ್ಲ?’

‘ನಿಮಗೆ ಬೇಕಾಗುತ್ತೆ.’

‘ಯಾವಾಗ ಬೇಕಾಗುತ್ತೆ ನನಗೆ?’

‘ಅದನ್ನ ನೀವೇ ಹೇಳಬೇಕು’ ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು.

ಅವರಿಗೆ ಸಿಟ್ಟು ಬಂತು. ನಿಮ್ಮಮ್ಮನ ಸಿಟ್ಟು ನಿನಗೆ ಗೊತ್ತಲ್ಲ, ಕಿವಿ ಮೊದಲು ಕೆಂಪಾಗುತ್ತದೆ. ‘ಒಳ್ಳೆ ಹಟಮಾರಿ ಕಣೇ ನೀನು! ಹಾಗಾದ್ರೆ ಕಡ ಅಂತ ತಗೋ. ಮಾರ್ಚ್‌ಗೆ ವಾಪಸ್ ಕೊಡ್ಬೇಕು, ಆಯ್ತಾ? ಟರ್ಕಿಗಳು ಯಾರಿಗೋಸ್ಕರಾನೂ ಕಾಯಲ್ಲ.’

ಹೇಳಿದ ಮೇಲೆ ಅವರಿಗೇ ತಾವು ಏನು ಹೇಳಿದೆವೆಂದು ಹೊಳೆಯಿತೇನೋ. ನಾನು ಮಂಡಿಯೂರಿ ಸ್ಕ್ರೂ ಬಿಚ್ಚಿದೆ. ಅವರು ದೀಪ ಹಿಡಿದುಕೊಂಡರು. ಮಾರನೇ ದಿನ ಬೆಳಿಗ್ಗೆ ಕಸ ಗುಡಿಸುವಾಗ ಬಾಗಿಲ ಪಕ್ಕ ಜಾಗ ಖಾಲಿಯಿತ್ತು. ಸೂಟ್‌ಕೇಸು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಗುಡಿಸುವುದಕ್ಕೆ ಸಲೀಸಾಯಿತು, ಅಷ್ಟೇ.

ಜೋಡಿಸುವ ಕೆಲಸಕ್ಕೆ ಹಾಲ್ವರ್ ಮಾವನನ್ನು ಕರೆಸಿದೆವು. ಅವರು ಭೂತಗನ್ನಡಿ ಹಿಡಿದು ಸ್ವಿಚ್ಚು ನೋಡಿ ತಲೆಯಾಡಿಸಿದರು. ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ಕರೆಂಟು ಈ ಪುಟ್ಟದಕ್ಕೆ ತಡೆಯುವುದಿಲ್ಲ, ಸುಟ್ಟುಹೋಗುತ್ತದೆ ಎಂದರು. ‘ಹಾಗಾದ್ರೆ ಬಲ್ಬ್ ಹಾಕು’ ಎಂದರು ಅತ್ತೆ. ‘ಮೊಟ್ಟೆಗೂ ಬಲ್ಬೇ ತಾನೇ ಕಾವು ಕೊಡೋದು.’ ಹಾಲ್ವರ್ ಮಾವ ಕಾಫಿ ಡಬ್ಬಿಯೊಂದಕ್ಕೆ ತೂತು ಕೊರೆದು, ಒಳಗೆ ಬಲ್ಬು ಕೂರಿಸಿ, ತಗಡಿನ ಅಡಿಗೆ ಬಿಗಿದರು. ಇಸ್ತ್ರಿಪೆಟ್ಟಿಗೆ ನಿವೃತ್ತಿಯಾಯಿತು.

ಆದರೂ ಹದ ಸಿಗಬೇಕಲ್ಲ! ಬಿಲ್ಲೆಯನ್ನು ಮೊದಲು ಬಲ್ಬಿನ ಪಕ್ಕವೇ ಇಟ್ಟೆವು. ಅದು ಬೇಗ ಬಿಸಿಯಾಗಿ ಬೇಗ ಆರಿಸಿಬಿಡುತ್ತಿತ್ತು. ತಗಡು ಬಿಸಿ, ಮೇಲಿನ ಮೇಣ ತಣ್ಣಗೆ. ಮೇಣದ ಕೊಳವೆಯ ತುದಿಗೆ ಕಟ್ಟಿದೆವು. ಅಲ್ಲಿಗೆ ಬಿಸಿ ಏರುವಷ್ಟರಲ್ಲಿ ಕೆಳಗೆ ಕರಗಿ ಸೋರುತ್ತಿತ್ತು. ಸುದ್ದಿ ತಡವಾಗಿ ಮುಟ್ಟುವ ಮನೆಯ ಹಾಗೆ ಅದು ಎಂದು ನನಗೆ ಹೊಳೆಯಿತು. ಬಲ್ಬು ಹೇಳಿದ್ದು ಕಬ್ಬಿಣಕ್ಕೆ ತಿಳಿಯಲು ಹೊತ್ತು ಬೇಕು, ಕಬ್ಬಿಣ ಹೇಳಿದ್ದು ಮೇಣಕ್ಕೆ ತಿಳಿಯಲು ಇನ್ನಷ್ಟು ಹೊತ್ತು ಬೇಕು. ಕೊನೆಗೆ ಬಿಲ್ಲೆಯನ್ನು ಅಚ್ಚಿಗೂ ಕೊಳವೆಗೂ ನಡುವೆ, ಪ್ರೆಸ್ಸಿನ ಮೈಗೇ ತಾಗುವ ಹಾಗೆ ಬಿಗಿದು, ಮೇಲೆ ಹಳೆಯ ಕಂಬಳಿಯ ತುಂಡು ಹೊದಿಸಿದೆ. ದೀಪ ಹಾಕಿ ತಕ್ಷಣ ಶುರು ಮಾಡದೆ, ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಬಿಟ್ಟೆವು. ಅತ್ತೆ ತಮ್ಮ ಮರಿಪೆಟ್ಟಿಗೆಯ ಥರ್ಮಾಮೀಟರ್ ಹಿಡಿದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಬಂದರು. ಮೊಟ್ಟೆಯ ಬಿಸಿಗಿಂತ ತುಸು ಮೇಲೆ, ನೂರ ಐದು ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರ ಮೇಣ ಒಪ್ಪಿತು. ಕೈ ನಿಲ್ಲಿಸಿದಾಗೆಲ್ಲ ಮೇಣ ಒತ್ತುವ ತಿರುಪನ್ನೂ ಸಡಿಲಿಸಬೇಕು, ಇಲ್ಲದಿದ್ದರೆ ಬೆಚ್ಚಗಿರುವ ಮೇಣ ತಾನಾಗಿ ಒಸರುತ್ತದೆ. ಇದನ್ನು ನಾನೇ ಕಂಡುಹಿಡಿದೆ, ಬರೆದಿಟ್ಟುಕೋ.

ಟಿಕ್ ಎಂದು ಬಲ್ಬು ಆರುವುದು, ಸ್ವಲ್ಪ ಹೊತ್ತಿಗೆ ಟಿಕ್ ಎಂದು ಹತ್ತುವುದು. ಗುಂಡುಗಳು ಒಂದೊಂದೂ ಸೊಂಟಕ್ಕೆ ಒಪ್ಪವಾದ ಪಟ್ಟಿ ಕಟ್ಟಿಕೊಂಡು ಬಂದವು, ತಳ ಒಣಗಿ ಸ್ವಚ್ಛ. ಅತ್ತೆ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ‘ಅವನೂ ಇಷ್ಟ್ ಚೆನ್ನಾಗಿ ಮಾಡ್ತಿರ್ಲಿಲ್ಲ’ ಎಂದರು. ತಕ್ಷಣ, ‘ಮಾಡ್ತಿದ್ದ, ಮಾಡ್ತಿದ್ದ’ ಎಂದು ತಾವೇ ತಿದ್ದಿಕೊಂಡು ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡರು. ಅವರು ತೊಟ್ಟಿದ್ದು ಮೊಳೆಯ ಮೇಲಿದ್ದ ಏಪ್ರನ್.

ನಿನ್ನೆ ಪಂದ್ಯವಾಯಿತು. ಅತ್ತೆಯೂ ಬಂದರು. ರೂಬಾರ್ಬ್ ದಂಟಿನ ಕಡುಬು, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ, ಹ್ಯಾಟು, ಎಲ್ಲ ಸಜ್ಜು. ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಕೂತು ನೋಡುತ್ತಾರೆ ಎಂದುಕೊಂಡಿದ್ದೆ. ಆದರೆ ಹಾಲ್ವರ್ ಮಾವ ಚಾಪೆ ಹಾಸಿ ಮಲಗಿ ಕೋವಿ ಊರಿದಾಗ ಅವರ ಪಕ್ಕದ ಸ್ಟೂಲು ಖಾಲಿಯಿತ್ತು. ಪ್ರತಿ ವರ್ಷ ಅಲ್ಲಿ ಮಾವನವರು ಕೂತು ಗಾಳಿಯ ದಿಕ್ಕು ಹೇಳುತ್ತಿದ್ದರು. ಕ್ಲಬ್ಬಿನವರು ಯಾರೂ ಅದರ ಹತ್ತಿರ ಹೋಗಲಿಲ್ಲ. ಅತ್ತೆ ಹೋಗಿ ಕೂತರು. ಯಾರನ್ನೂ ಕೇಳಲಿಲ್ಲ. ನಲವತ್ತು ಬೇಸಗೆಯೂ ಮಾವನವರ ಹಿಂದೆ ಕೂತು ಹೆಣಿಗೆ ಹಾಕುತ್ತಿದ್ದವರು ಗಾಳಿಯನ್ನೂ ನೋಡುತ್ತಿದ್ದರೆಂದು ಯಾರಿಗೆ ಗೊತ್ತಿತ್ತು!

‘ಗಾಳಿ ಏನ್ ಹೇಳ್ತಿದೆ ಸೋಲ್ವೇಗ್? ನನಗೆ ಬಾವುಟ ಕಾಣ್ತಿಲ್ಲ’ ಎಂದು ಹಾಲ್ವರ್ ಮಾವ ಅತ್ತೆಯನ್ನು ಕೇಳಿದರು.

‘ಬಾವುಟ ಬಿಡು. ಹುಲ್ಲು ಬಲಕ್ಕೆ ಮಲಗಿದೆ. ಕಾಯಿ.’

‘ಎಷ್ಟೊತ್ತು ಕಾಯೋದು?’

‘ಅದು ಏಳೋವರ್ಗೂ. ಎಲ್ಲಿಗೋ ಓಡ್ಬೇಕಾ ನಿಂಗೆ?’

ಜನ ನಕ್ಕರು. ಹಾಲ್ವರ್ ಮಾವನ ಹೆಗಲೂ ನಗುವಿಗೆ ಕುಲುಕಿತು. ‘ಏಯ್, ನಗಬೇಡ, ಕೋವಿ ಅಲ್ಲಾಡುತ್ತೆ’ ಎಂದು ಅತ್ತೆ ಗದರಿದರು. ಆಮೇಲೆ ಮೆಲ್ಲಗೆ, ‘ಈಗ’ ಎಂದರು. ಹೊಗೆ ಎದ್ದಿತು. ದೂರದ ಗುಡ್ಡದ ಬುಡದಿಂದ, ನಾವು ಉಸಿರು ಬಿಡುವಷ್ಟರಲ್ಲಿ, ಟಣ್ ಎಂಬ ಸದ್ದು ತೇಲಿ ಬಂತು.

ಗೆದ್ದರೇ ಎಂದು ಕೇಳುತ್ತೀಯ. ಇಲ್ಲ, ಮೂರನೆಯವರಾದರು. ಚೂಟೋದಿಂದ ಬಂದ ಯುವಕರಿಬ್ಬರು ಮುಂದಿದ್ದರು. ಆದರೆ ಗುಂಡುಗಳು ಕೊನೆಯವರೆಗೂ ಒಂದೇ ದಾರಿ ಹಿಡಿದು ಹೋದವು. ಎಲ್ಲಕ್ಕಿಂತ ದೂರದ ತಗಡು ಎಲ್ಲರಿಗೂ ತಪ್ಪಿತ್ತು, ಇವರ ಕಡೆಯ ಗುಂಡಿಗೆ ಅದು ಸಿಕ್ಕಿತು. ಮುಗಿದ ಮೇಲೆ ಹಾಲ್ವರ್ ಮಾವ ನನ್ನನ್ನು ಕರೆದು ನಳಿಗೆಯ ಬಾಯಿ ತೋರಿಸಿದರು. ಅಂಚಿನ ಸುತ್ತ ಮೇಣದ ತೆಳ್ಳನೆಯ ಉಂಗುರ ಮೂಡಿತ್ತು. ಮೇಣ ಕೊನೆಯವರೆಗೂ ಸಾಲುತ್ತಿದೆ ಎಂಬುದಕ್ಕೆ ಅದೇ ಗುರುತಂತೆ. ‘ಈ ಸಲ ಗಾಳಿ ಮೇಲೆ ಹಾಕೋಕೆ ತಪ್ಪೇ ಇಲ್ಲ ಕಣಮ್ಮ’ ಎಂದು ಕಣ್ಣು ಮಿಟುಕಿಸಿದರು. ಹಾಗಾದರೆ ಅಂದಿನ ಗಾಳಿಯ ನೆಪ ನನಗೆ ಗೊತ್ತಾಗಿದ್ದು ಅವರಿಗೂ ಗೊತ್ತಿತ್ತು! ಆಮೇಲೆ ಅವರು ಕೋವಿಯನ್ನು ಚೀಲಕ್ಕೆ ಹಾಕಿ ಚೀಲದ ಗುಂಡಿಗಳನ್ನು ಒಂದೊಂದಾಗಿ ನಿಧಾನವಾಗಿ ಹಾಕಿದರು. ಅತ್ತೆ ಅವರಿಗೆ ಕಡುಬಿನ ದೊಡ್ಡ ತುಂಡು ಕೊಟ್ಟರು. ಯಾರೂ ಭಾಷಣ ಮಾಡಲಿಲ್ಲ, ಸದ್ಯ.

ಇಷ್ಟೇ ನಮ್ಮ ಸಮಾಚಾರ. ದಕ್ಷಿಣದ ಹೊಲದ ಗೋಧಿ ಬಣ್ಣ ತಿರುಗುತ್ತಿದೆ. ನಾಯಿಗೆ ಮುಳ್ಳುಹಂದಿಯ ಸಹವಾಸವಾಗಿ ಮೂತಿ ಊದಿತ್ತು, ಈಗ ವಾಸಿ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ತಲೆಗೆ ಟೋಪಿ ಹಾಕದೆ ಬಿಸಿಲಿನಲ್ಲಿ ಓಡಾಡಬೇಡ ಎಂದೂ ಹೇಳಿದ್ದಾರೆ. ತಂಡದವರಿಗೆಲ್ಲ ನನ್ನ ನೆನಪು ತಿಳಿಸು. ಸೊಂಟಕ್ಕೆ ಮುಲಾಮು ಹಚ್ಚಿಕೋ. ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ನೆಟ್ಟಗೆ ಮನೆ ಸೇರಿಸಲಿ.

ನಿನ್ನವಳೇ ಆದ
ಲವೋನ್

ತಾ.ಕ. — ಸೋಮವಾರ ಬೆಳಿಗ್ಗೆ. ಅಂಚೆಯವಳ ಗಾಡಿಯ ಧೂಳು ತಿರುವಿನಲ್ಲಿ ಕಾಣುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ಹಾಲ್ವರ್ ಮಾವ ಈಗ ತಾನೇ ಬಂದು ಹೋದರು. ಕಣ್ಣಿನ ಸಲುವಾಗಿ ರಿಪೇರಿ ಅಂಗಡಿ ನಡೆಸುವುದು ಇನ್ನು ಅವರಿಂದಾಗದು. ಲಿಫ್ಟು, ವೆಲ್ಡಿಂಗ್ ಯಂತ್ರ, ಗಿರಾಕಿಗಳು, ಎಲ್ಲ ಸಮೇತ ಆರ್ಲನ್ ವಹಿಸಿಕೊಳ್ಳುತ್ತಾನೆಯೇ ಎಂದು ಕೇಳಿದರು, ಬೇರೆಯವರಿಗೆ ಕೊಡಲು ಮನಸ್ಸಿಲ್ಲವಂತೆ. ಕಾಗದ ಬರೆದು ಕೇಳುತ್ತೇನೆ ಎನ್ನಬೇಕಿತ್ತು ನಾನು. ಅನ್ನಲಿಲ್ಲ. ವರ್ಷವರ್ಷವೂ ಮೇ ತಿಂಗಳಲ್ಲಿ ನಿನ್ನ ಟ್ರಕ್ಕು ಆ ತಿರುವು ದಾಟುವವರೆಗೆ ಕೈ ಬೀಸುತ್ತಾ ನಿಲ್ಲುತ್ತೇನಲ್ಲ, ಅದು ನನಗೆ ಸಾಕಾಗಿದೆ ಆರ್ಲನ್. ಒಂದು ಸಲವೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ. ಹೌದು, ವಹಿಸಿಕೊಳ್ಳುತ್ತಾನೆ ಎಂದುಬಿಟ್ಟೆ. ಅಮ್ಮ ಪಕ್ಕದಲ್ಲೇ ಇದ್ದರು, ತಡೆಯಲಿಲ್ಲ. ಬೈಯುವುದಿದ್ದರೆ ಮನೆಗೆ ಬಂದು ಬೈ.